ಬಸುರಿಯರಿಗೆಲ್ಲ ಎಚ್‌ಐವಿ ಪರೀಕ್ಷೆ ಯಾಕೆ? ನಮ್ಮ ಮೇಲೆ ಅನುಮಾನವೇ?

ಪ್ರಶ್ನೆ: ನಾನು ನಾಲ್ಕು ತಿಂಗಳ ಬಸುರಿ. ಮೊನ್ನೆ ಸರ್ಕಾರಿ ಆಸ್ಪತ್ರೆಗೆ ಹೋದಾಗ ಹಿಮೋಗ್ಲೋಬಿನ್, ಶುಗರ್, ರಕ್ತದ ಗುಂಪು ಇವುಗಳ ಜೊತೆ ಎಚ್‌ಐವಿ ಪರೀಕ್ಷೆಗೂ ಚೀಟಿ ಬರೆದರು. ಮನೆಗೆ ಬಂದು ಹೇಳಿದರೆ ಅತ್ತೆಯ ಮುಖ ಸಣ್ಣಗಾಯಿತು. ನನಗಾಗಲಿ ನಮ್ಮ ಮನೆಯವರಿಗಾಗಲಿ ಅಂಥ ಯಾವ ಅಭ್ಯಾಸವೂ ಇಲ್ಲ. ಮತ್ಯಾಕೆ ಈ ಪರೀಕ್ಷೆ? ಬೇಡ ಅನ್ನಬಹುದೇ?

ಉತ್ತರ: ಬೇಡ ಅನ್ನಬಹುದು. ಕಾನೂನು ನಿಮಗೆ ಆ ಹಕ್ಕು ಕೊಟ್ಟಿದೆ. ಆದರೆ ಹಾಗೆ ಹೇಳುವ ಮುಂಚೆ ನನ್ನ ಮಾತು ಸ್ವಲ್ಪ ಕೇಳಿ. ತಾಲ್ಲೂಕು ಆಸ್ಪತ್ರೆಯೊಂದರ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆಯ ಕೇಂದ್ರದಲ್ಲಿ, ನಾನು 11 ವರ್ಷ ಆಪ್ತ ಸಮಾಲೋಚಕಿಯಾಗಿದ್ದೆ. ನೀವು ಕೇಳಿದ ಈ ಪ್ರಶ್ನೆಯನ್ನು ವಾರಕ್ಕೆ ನಾಲ್ಕು ಸಲವಾದರೂ ಕೇಳಿದ್ದೇನೆ. ಕೇಳುವವರ ಕಣ್ಣಲ್ಲಿ ನೀರಿರುತ್ತಿತ್ತು, ಒಮ್ಮೊಮ್ಮೆ ಸಿಟ್ಟೂ ಇರುತ್ತಿತ್ತು.

ಆ ಚೀಟಿಯನ್ನು ನಿಮ್ಮೊಬ್ಬರಿಗೇ ಬರೆದದ್ದಲ್ಲ. ಅವತ್ತು ನಿಮ್ಮ ಜೊತೆ ಸಾಲಿನಲ್ಲಿ ನಿಂತಿದ್ದ ಎಲ್ಲ ಬಸುರಿಯರಿಗೂ ಬರೆದಿದ್ದಾರೆ. ಟೀಚರಮ್ಮ ಬಂದರೂ ಅದೇ, ಹೊಲಕ್ಕೆ ಕೂಲಿಗೆ ಹೋಗುವವಳು ಬಂದರೂ ಅದೇ, ಡಾಕ್ಟರ ಸೊಸೆ ಬಂದರೂ ಅದೇ. ನರ್ಸಮ್ಮ ಯಾರ ಮುಖ ನೋಡಿಯೂ ಬರೆಯುವುದಿಲ್ಲ. ಮುಖ ನೋಡಿ ಬರೆಯುವ ಪದ್ಧತಿ ಇದ್ದಿದ್ದರೆ ನಿಮ್ಮ ಅತ್ತೆ ನೊಂದುಕೊಳ್ಳುವುದು ಸರಿ ಅನ್ನುತ್ತಿದ್ದೆ.

ಹಿಂದೆ ಇದ್ದದ್ದು ಹೆಚ್ಚುಕಡಿಮೆ ಅಂಥದ್ದೇ ಪದ್ಧತಿ. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಸೆಲ್ಲಪ್ಪನ್ ನಿರ್ಮಲಾ ಎಂಬ ಯುವ ವೈದ್ಯೆ ತಮ್ಮ ಗುರು ಸುನಿತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿ ಸಂಗ್ರಹಿಸಿ, ವೆಲ್ಲೂರಿನಲ್ಲಿ ಪರೀಕ್ಷಿಸಿದಾಗ ಅದು ಬೆಳಕಿಗೆ ಬಂತು. ಬಹಳ ದೊಡ್ಡ ಕೆಲಸ ಅದು. ಆದರೆ ‘ಇದು ಇಂಥವರಿಗೆ ಮಾತ್ರ ಬರುವ ರೋಗ’ ಅನ್ನುವ ಮಾತು ಜನರ ಮನಸ್ಸಿನಲ್ಲಿ ಆಗಲೇ ಬೇರು ಬಿಟ್ಟಿತು. ಆಮೇಲೆ ಬಹಳ ವರ್ಷ, ಬೇಕಾದವರು ತಾವಾಗಿ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು. ಆ ಕೋಣೆಯ ಬಾಗಿಲಲ್ಲಿ ನಿಂತರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಹಾಗಿರುವಾಗ ಯಾರು ಬರುತ್ತಾರೆ?

ಈ ಗಂಟನ್ನು ಮೊದಲು ಬಿಡಿಸಲು ನೋಡಿದ ದೇಶಗಳಲ್ಲಿ ಆಫ್ರಿಕಾದ ಬೋಟ್ಸ್ವಾನಾ ಒಂದು. ಅಲ್ಲಿ ಮೂವರು ಬಸುರಿಯರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಸೋಂಕಿತ್ತು. ಸರ್ಕಾರ 2002ರಲ್ಲೇ ಉಚಿತ ಔಷಧಿ ಕೊಡಲು ಶುರುಮಾಡಿದರೂ ಜನ ಪರೀಕ್ಷೆಗೆ ಬರುತ್ತಿರಲಿಲ್ಲ. 2004ರಲ್ಲಿ ಅವರು ಕ್ರಮ ಬದಲಿಸಿದರು. ಆಸ್ಪತ್ರೆಗೆ ಬಂದವರಿಗೆಲ್ಲ ಪರೀಕ್ಷೆ, ಬೇಡ ಅಂದವರಿಗೆ ಮಾತ್ರ ಇಲ್ಲ. ‘ಬೇಕಿದ್ದರೆ ಕೇಳಿ’ ಎಂದಿದ್ದದ್ದು ‘ಬೇಡವಾದರೆ ಹೇಳಿ’ ಎಂದಾಯಿತು, ಅಷ್ಟೇ ವ್ಯತ್ಯಾಸ. ಅದೇ ಬೋಟ್ಸ್ವಾನಾ 2021ರಲ್ಲಿ, ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡುವುದನ್ನು ತಡೆಯುವ ಹಾದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆಯಿತು. ಸೋಂಕಿನ ಹೊರೆ ಅಷ್ಟಿದ್ದ ದೇಶಗಳಲ್ಲಿ ಅದೇ ಮೊದಲು. ಕ್ಯೂಬಾ 2015ರಲ್ಲಿ, ಥಾಯ್ಲೆಂಡ್ 2016ರಲ್ಲಿ, ನಮ್ಮ ಪಕ್ಕದ ಶ್ರೀಲಂಕಾ 2019ರಲ್ಲಿ ಈ ಹರಡುವಿಕೆಯನ್ನು ಹೆಚ್ಚುಕಡಿಮೆ ನಿಲ್ಲಿಸಿದ ದೇಶಗಳೆಂದು ಅನ್ನಿಸಿಕೊಂಡವು.

ಇನ್ನು ಅಭ್ಯಾಸದ ಮಾತು. ಇದನ್ನು ನೋವಿನಿಂದಲೇ ಹೇಳುತ್ತೇನೆ. ನನ್ನ ಎದುರು ಕೂತು ಪಾಸಿಟಿವ್ ಅಂತ ಕೇಳಿಸಿಕೊಂಡ ಹೆಣ್ಣುಮಕ್ಕಳಲ್ಲಿ ಬಹುತೇಕರು ಗಂಡನನ್ನು ಬಿಟ್ಟು ಬೇರೆ ಯಾರನ್ನೂ ಕಂಡವರಲ್ಲ. ಅವರಿಗೆ ಸೋಂಕು ಬಂದದ್ದು ಮದುವೆಯ ಬಾಗಿಲಿಂದ. ಗಂಡನಿಗೆ ಮದುವೆಗೆ ಮುಂಚೆಯೇ ತಗುಲಿರಬಹುದು, ಅವನಿಗೇ ಅದು ಗೊತ್ತಿಲ್ಲದಿರಬಹುದು. ಎಚ್‌ಐವಿ ಮೈಯೊಳಗೆ ಎಂಟು ಹತ್ತು ವರ್ಷ ಸದ್ದಿಲ್ಲದೆ ಇರಬಲ್ಲದು. ಆಳು ಗಟ್ಟಿಮುಟ್ಟಾಗಿ ದುಡಿಯುತ್ತಲೇ ಇರುತ್ತಾನೆ. ಹಾಗಾಗಿ ‘ನಾವು ಅಂಥವರಲ್ಲ’ ಅನ್ನುವುದು ನಿಮ್ಮ ನಡತೆಯ ಬಗ್ಗೆ ನಿಜವಾದ ಮಾತೇ ಹೌದು, ಆದರೆ ರಕ್ತದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಬಸುರಿಯಾದಾಗಲೇ ಯಾಕೆ? ಯಾಕೆಂದರೆ ಆಗ ಗೊತ್ತಾದರೆ ಮಗುವನ್ನು ಉಳಿಸಿಕೊಳ್ಳಬಹುದು. ಸೋಂಕು ಮಗುವಿಗೆ ದಾಟುವುದು ಮೂರು ದಾರಿಯಲ್ಲಿ: ಗರ್ಭದಲ್ಲಿ, ಹೆರಿಗೆಯ ಹೊತ್ತಿನಲ್ಲಿ, ಎದೆಹಾಲಿನಲ್ಲಿ. ಏನೂ ಮಾಡದೆ ಬಿಟ್ಟರೆ ಸೋಂಕಿರುವ 100 ತಾಯಂದಿರ ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಅದು ತಗುಲುತ್ತದೆ. ತಾಯಿ ಮಾತ್ರೆ ತಗೊಂಡು, ಮಗುವಿಗೂ ಹುಟ್ಟಿದ ಮೇಲೆ ಕೆಲವು ವಾರ ಔಷಧಿ ಕುಡಿಸಿದರೆ ಆ ಲೆಕ್ಕ ಐದಕ್ಕಿಂತ ಕೆಳಗಿಳಿಯುತ್ತದೆ. ಬೇಗ ಶುರುಮಾಡಿ, ತಾಯಿಯ ರಕ್ತದಲ್ಲಿ ವೈರಸ್ಸು ಎಣಿಕೆಗೇ ಸಿಗದಷ್ಟು ತಗ್ಗಿದರೆ ಒಂದಕ್ಕೂ ಕಡಿಮೆ. ನಮ್ಮಲ್ಲಿ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ, 2004ರ ಏಪ್ರಿಲ್‌ನಿಂದ ಸರ್ಕಾರದ ಕಡೆಯಿಂದ ಉಚಿತ. 2014ರಿಂದ, ಸೋಂಕಿರುವ ಪ್ರತಿ ಬಸುರಿಗೂ ಜೀವನಪೂರ್ತಿ ಔಷಧಿ ಕೊಡುವ ನಿಯಮವಿದೆ. ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಮಾತ್ರೆ. ತಾಯಿ ಎದೆಹಾಲನ್ನೂ ಕೊಡಬಹುದು. ಮಗುವಿಗೆ ಆರು ವಾರವಾದಾಗ ಮೊದಲ ಪರೀಕ್ಷೆ, ಹದಿನೆಂಟು ತಿಂಗಳಿಗೆ ಕೊನೆಯದು. ಅಷ್ಟು ದಿನ ಯಾಕೆ ಕಾಯಬೇಕೆಂದರೆ, ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ತಾಯಿಯ ಮೈ ತಯಾರಿಸಿದ ಅಂಶಗಳು, ಮಗುವಿನ ಮೈಯಲ್ಲಿ ಅಲ್ಲಿಯವರೆಗೂ ಉಳಿದಿರಬಹುದು. ಸಾಮಾನ್ಯ ಪರೀಕ್ಷೆ ಅವನ್ನೇ ಸೋಂಕೆಂದು ತಿಳಿಯುತ್ತದೆ.

ಹದಿನೆಂಟು ತಿಂಗಳ ಕೂಸನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದು, ‘ನೆಗೆಟಿವ್’ ಎಂಬ ಮಾತು ಕೇಳಿ, ನನ್ನ ಮೇಜಿನ ಮೇಲೆ ತಲೆಯಿಟ್ಟು ಅತ್ತ ತಾಯಂದಿರನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ತಡವಾಗಿ ಬಂದವರನ್ನೂ ಕಂಡಿದ್ದೇನೆ. ಅದನ್ನು ಇಲ್ಲಿ ಬರೆಯಲಾರೆ.

ಪರೀಕ್ಷೆ ಹೇಗೆ ಅನ್ನುವ ಭಯ ಬೇಡ. ಬೆರಳ ತುದಿಗೆ ಚುಚ್ಚಿ ಒಂದೆರಡು ಹನಿ ರಕ್ತ ತೆಗೆದರೆ ಅರ್ಧ ಗಂಟೆಯೊಳಗೆ ಫಲಿತಾಂಶ. ಸಿಫಿಲಿಸ್ ಪರೀಕ್ಷೆಯೂ ಜೊತೆಗೇ ಆಗುತ್ತದೆ. ಅದೂ ಮಗುವಿಗೆ ದಾಟುವ ರೋಗವೇ.

ಒಂದು ಸಂಗತಿ ಮಾತ್ರ ಚೆನ್ನಾಗಿ ತಿಳಿದಿರಲಿ. ಮೊದಲ ಕಿಟ್‌ನಲ್ಲಿ ಎರಡನೇ ಗೆರೆ ಮೂಡಿದ ಮಾತ್ರಕ್ಕೆ ಎಚ್‌ಐವಿ ಇದೆ ಎಂದಲ್ಲ. ಲೆಕ್ಕ ಹಾಕಿ ನೋಡಿ. ನಮ್ಮ ದೇಶದಲ್ಲಿ ಸಾವಿರ ವಯಸ್ಕರಲ್ಲಿ ಸುಮಾರು ಇಬ್ಬರಿಗೆ ಸೋಂಕಿದೆ. ಹಾಗಾದರೆ 10,000 ಮಂದಿಯನ್ನು ಪರೀಕ್ಷಿಸಿದರೆ ನಿಜವಾಗಿ ಸೋಂಕಿರುವವರು 20. ಕಿಟ್ 200 ಜನರಲ್ಲಿ ಒಬ್ಬರಿಗೆ ತಪ್ಪಾಗಿ ಗೆರೆ ತೋರಿಸುತ್ತದೆ ಎಂದಿಟ್ಟುಕೊಳ್ಳಿ, ಆಗ ಸೋಂಕಿಲ್ಲದ ಸುಮಾರು 50 ಜನಕ್ಕೂ ಗೆರೆ ಬರುತ್ತದೆ. ಗೆರೆ ಬಂದ 70 ಜನರಲ್ಲಿ 50 ಮಂದಿಗೆ ಏನೂ ಇಲ್ಲ! ಇದಕ್ಕೇ ಮೂರು ಬೇರೆ ಬೇರೆ ಬಗೆಯ ಕಿಟ್‌ಗಳಲ್ಲಿ ನೋಡಿ, ಮೂರರಲ್ಲೂ ಬಂದರೆ ಮಾತ್ರ ಐಸಿಟಿಸಿಯಲ್ಲಿ ಪಾಸಿಟಿವ್ ಎಂದು ಹೇಳುವುದು. ಒಂದೇ ಕಿಟ್ ನೋಡಿ ಯಾರಾದರೂ ನಿಮಗೆ ರೋಗದ ಹೆಸರು ಹೇಳಿದರೆ ಒಪ್ಪಬೇಡಿ, ಐಸಿಟಿಸಿಗೆ ಹೋಗಿ.

ನೆಗೆಟಿವ್ ಬಂದಾಗಲೂ ಒಂದು ತಿಳಿವಳಿಕೆ ಬೇಕು. ಸೋಂಕು ತಗುಲಿದ ಹೊಸದರಲ್ಲಿ, ಕೆಲವರಲ್ಲಿ ಮೂರು ತಿಂಗಳವರೆಗೂ, ಈ ಕಿಟ್‌ಗಳಿಗೆ ಅದು ಸಿಗದೆ ಹೋಗಬಹುದು. ಅಪಾಯದ ಸಂದರ್ಭ ಇದ್ದವರು ಮತ್ತೊಮ್ಮೆ ಮಾಡಿಸಿಕೊಳ್ಳಬೇಕು.

ಈಗ ನಿಮ್ಮ ಹಕ್ಕಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಆಸ್ಪತ್ರೆಗಳ ಮೇಲೂ ಬೇಸರವಿದೆ. ಎಲ್ಲರಿಗೂ ಮಾಡುವ ಪರೀಕ್ಷೆ ಅಂದಮೇಲೆ ಕೇಳುವುದು ಯಾಕೆ ಎನ್ನುವ ಧೋರಣೆ ಕೆಲವು ಕಡೆ ಇದೆ. ಹೇಳದೆ ಕೇಳದೆ ರಕ್ತ ತೆಗೆಯುತ್ತಾರೆ. ಒಮ್ಮೆ ಕಾರಿಡಾರಿನಲ್ಲಿ ಹೆಸರು ಕೂಗಿ ಫಲಿತಾಂಶ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆ ಹುಡುಗಿ ಮತ್ತೆ ಆ ಆಸ್ಪತ್ರೆಗೆ ಕಾಲಿಡಲಿಲ್ಲ. ಇಂಥ ಒಂದು ಘಟನೆ ಸಾಕು, ನೂರು ಜನ ಪರೀಕ್ಷೆಯಿಂದ ದೂರ ಉಳಿಯುವುದಕ್ಕೆ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ, ವಿಷಯ ತಿಳಿಸಿ, ನಿಮ್ಮ ಒಪ್ಪಿಗೆ ಪಡೆದೇ ಪರೀಕ್ಷೆ ಮಾಡಬೇಕು. ಪರೀಕ್ಷೆಗೆ ಮುಂಚೆಯೂ ಆಮೇಲೂ ಸಮಾಲೋಚನೆ ಇರಬೇಕು. ‘ಪರೀಕ್ಷೆ ಮಾಡಿಸದಿದ್ದರೆ ಹೆರಿಗೆ ಮಾಡಿಸುವುದಿಲ್ಲ’ ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ. ಪಾಸಿಟಿವ್ ಬಂದವರಿಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಫಲಿತಾಂಶ ನಿಮ್ಮದು, ನಿಮ್ಮ ಅತ್ತೆಗೂ ಅದನ್ನು ಅವರು ಹೇಳುವ ಹಾಗಿಲ್ಲ. ಸಂಗಾತಿಗೆ ತಿಳಿಸುವ ವಿಷಯದಲ್ಲಿ ಕಾಯ್ದೆ ಇನ್ನೂ ಸೂಕ್ಷ್ಮವಾಗಿದೆ. ಹೇಳಿದರೆ ಗಂಡ ಹೊಡೆದಾನು, ಮನೆಯಿಂದ ಹೊರಹಾಕಿಯಾನು ಎಂಬ ಭಯಕ್ಕೆ ಕಾರಣವಿರುವ ಹೆಣ್ಣುಮಗಳ ಮೇಲೆ ಹೇಳಲೇಬೇಕೆಂಬ ಕಟ್ಟುಪಾಡಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ನನ್ನನ್ನು ಕೇಳಿದರೆ, ಮಾಡಿಸಿಕೊಳ್ಳಿ ಅನ್ನುತ್ತೇನೆ ತಂಗಿ. ಅತ್ತೆಯವರಿಗೆ ಇದು ಹಿಮೋಗ್ಲೋಬಿನ್ ನೋಡಿದ ಹಾಗೆಯೇ, ಊರಿನ ಬಸುರಿಯರಿಗೆಲ್ಲ ಮಾಡುವಂಥದ್ದು ಎಂದು ಹೇಳಿ. ಪಕ್ಕದ ಮನೆಯ ಸೊಸೆಗೂ ಮಾಡಿದ್ದಾರೆ ಎಂದು ಗೊತ್ತಾದರೆ ಅವರ ಮನಸ್ಸಿನ ಭಾರ ಅರ್ಧ ಇಳಿಯುತ್ತದೆ. ಅದಕ್ಕೂ ಮುಂಚೆ ಯಾರ ಹತ್ತಿರವಾದರೂ ಗುಟ್ಟಾಗಿ ಮಾತಾಡಬೇಕೆನಿಸಿದರೆ 1097ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ. ಮುಂದಿನ ತಪಾಸಣೆಗೆ ಹೋಗುವಾಗ ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ. ಅವರಿಗೂ ಅದೇ ಕೋಣೆಯಲ್ಲಿ, ಅದೇ ಅರ್ಧ ಗಂಟೆಯಲ್ಲಿ ಪರೀಕ್ಷೆ ಆಗುತ್ತದೆ.