ಪೊರೆಯೊಳಗಿನ ಲೆಕ್ಕ

ಜೀವಕೋಶದ ಮಾದರಿಯ ಗಣಕ ಎಂದೊಡನೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶವೇ ಲೆಕ್ಕ ಮಾಡುತ್ತದೆಂದು ಹಲವರು ಊಹಿಸುತ್ತಾರೆ. ರುಮೇನಿಯಾದ ಗಣಿತಜ್ಞ ಗ್ಯೋರ್ಗೆ ಪೌನ್ 1998ರಲ್ಲಿ ಮುಂದಿಟ್ಟ 'ಪಿ ವ್ಯವಸ್ಥೆ' ಹಾಗಲ್ಲ, ಅದು ಕಾಗದದ ಮೇಲಿನ ಗಣಿತ. ಕೋಶದಿಂದ ಅವರು ಎರವಲು ಪಡೆದದ್ದು ಮುಖ್ಯವಾಗಿ ಪೊರೆಯನ್ನು. ಹೊರಪೊರೆಯೊಳಗೆ ಪೊರೆಗಳು, ಅವುಗಳೊಳಗೆ ಮತ್ತೆ ಪೊರೆಗಳು. ಪ್ರತಿಯೊಂದರಲ್ಲೂ ಒಂದಿಷ್ಟು ಕಣಗಳು, ಅಲ್ಲಿಗಷ್ಟೇ ಅನ್ವಯಿಸುವ ನಿಯಮಗಳು. ಕಣಗಳಿಗೆ ಸಾಲು, ಸರದಿ ಇಲ್ಲ. ಯಾವುದು ಎಷ್ಟಿದೆ ಎಂಬುದಷ್ಟೇ ಮುಖ್ಯ.

ಪೊರೆಯೊಳಗೆ 5 'ಅ' ಕಣಗಳಿವೆ ಎನ್ನಿ. ನಿಯಮ ಒಂದೇ: ಎರಡು 'ಅ' ಕೂಡಿ ಒಂದು 'ಇ' ಆಗಿ ಪೊರೆ ದಾಟಬೇಕು. ಪ್ರತಿ ಹೆಜ್ಜೆಯಲ್ಲೂ ಎಷ್ಟು ಜೋಡಿ ಸಾಧ್ಯವೋ ಅಷ್ಟೂ ಏಕಕಾಲಕ್ಕೆ ಕೂಡಲೇಬೇಕು. ಹೊರಗೆ 2 'ಇ' ಬಂದವು, ಒಳಗೆ 1 'ಅ' ಉಳಿಯಿತು. 5ನ್ನು 2ರಿಂದ ಭಾಗಿಸಿದ್ದಾಯಿತು: ಭಾಗಲಬ್ಧ ಹೊರಗೆ, ಶೇಷ ಒಳಗೆ. ಕಣಗಳು 50 ಲಕ್ಷವಿದ್ದರೂ ಹೆಜ್ಜೆ ಒಂದೇ. ಆದರೆ 50 ಲಕ್ಷ ಕಣಗಳಿಗೆ ಜಾಗ ಬೇಕಲ್ಲ! ಸಮಯದಲ್ಲಿ ಉಳಿಸಿದ್ದನ್ನು ಇಲ್ಲಿ ಜಾಗದಲ್ಲಿ ತೆರುತ್ತೇವೆ.

ಈ ವಿನಿಮಯ ಅತಿರೇಕಕ್ಕೆ ಹೋಗುವುದು ಪೊರೆಗಳಿಗೆ ಒಡೆದು ಎರಡಾಗುವ ಶಕ್ತಿ ಕೊಟ್ಟಾಗ. ಸರಿ ಅಥವಾ ತಪ್ಪು ಎಂಬ ಬೆಲೆಯ 30 ಚರಗಳಿರುವ ತರ್ಕದ ಸಮಸ್ಯೆಯನ್ನು ತೆಗೆದುಕೊಳ್ಳಿ. ಒಂದೊಂದು ಚರಕ್ಕೂ ಪ್ರತಿ ಪೊರೆ ಇಬ್ಭಾಗವಾಗುತ್ತದೆ, ಒಂದು ಭಾಗ 'ಸರಿ' ಎಂದು ಹಿಡಿದು, ಇನ್ನೊಂದು 'ತಪ್ಪು' ಎಂದು ಹಿಡಿದು ಮುಂದುವರಿಯುತ್ತದೆ. 30 ಸಲ ಒಡೆದರೆ 107 ಕೋಟಿಗೂ ಹೆಚ್ಚು ಪೊರೆಗಳು, ಎಲ್ಲ ಸಾಧ್ಯತೆಗಳ ಪರೀಕ್ಷೆ ಒಟ್ಟಿಗೇ. ಕಠಿಣ ಸಮಸ್ಯೆಗಳನ್ನು ಕೆಲವೇ ಹೆಜ್ಜೆಗಳಲ್ಲಿ ಬಿಡಿಸಿದ್ದೇವೆ ಎಂಬ ಪ್ರಬಂಧಗಳ ಗುಟ್ಟು ಇದೇ. ಕಾಗದದ ಮೇಲೆ ಅದು ಸತ್ಯ. ನಿಮ್ಮ ಮೇಜಿನ ಮೇಲಿನ ಯಂತ್ರದಲ್ಲಿ ಅನುಕರಿಸಹೊರಟರೆ ಅಷ್ಟೂ ಪೊರೆಗಳನ್ನು ಮೆಮೊರಿಯಲ್ಲಿ ಹಿಡಿದಿಡಬೇಕು, ಗ್ರಾಫಿಕ್ಸ್ ಕಾರ್ಡಿನ ಸಾವಿರಾರು ಕೋರ್‌ಗಳೂ ಬೇಗನೆ ಕೈಚೆಲ್ಲುತ್ತವೆ.

ಹಾಗಾಗಿ ವೇಗದ ಆಸೆಯಿಂದ ಈ ಕ್ಷೇತ್ರಕ್ಕೆ ಬರುವವರನ್ನು ನಾನು ಹುರಿದುಂಬಿಸುವುದಿಲ್ಲ. ಬಿಡಿಬಿಡಿಯಾದ, ಎಣಿಸಬಹುದಾದ ವಸ್ತುಗಳ ವರ್ತನೆಯನ್ನು ವಿವರಿಸುವುದರಲ್ಲಿ ಇದಕ್ಕೆ ನಿಜವಾದ ಕಸುವಿದೆ. ಸ್ಪೇನಿನ ಸಂಶೋಧಕರು ಪಿರನೀಸ್ ಪರ್ವತಗಳ ಗಡ್ಡದ ರಣಹದ್ದಿನ ಸಂಖ್ಯೆ ಹೇಗೆ ಏರಿಳಿಯುತ್ತದೆಂದು ನೋಡಲು ಪಿ ವ್ಯವಸ್ಥೆಯನ್ನೇ ಬಳಸಿದರು. ಹದ್ದುಗಳೂ, ಅವು ಯಾವ ಪ್ರಾಣಿಗಳ ಮೂಳೆ ತಿನ್ನುತ್ತವೋ ಆ ಪ್ರಾಣಿಗಳೂ ಅಲ್ಲಿ ಕಣಗಳು. ಹುಟ್ಟು, ಸಾವು, ಆಹಾರ ಇವು ಸಂಭವನೀಯತೆ ಹೊತ್ತ ನಿಯಮಗಳು. ಇಂಥ ಏರಿಳಿತಕ್ಕೆ ಸಾಮಾನ್ಯವಾಗಿ ಬಳಸುವ ಅವಕಲ ಸಮೀಕರಣ (ಬದಲಾವಣೆಯ ದರವನ್ನು ಹೇಳುವ ಸಮೀಕರಣ) ಮುಕ್ಕಾಲು ಹದ್ದನ್ನೂ ಒಪ್ಪಿಕೊಳ್ಳುತ್ತದೆ, ಪೊರೆ ಒಪ್ಪುವುದಿಲ್ಲ. ಸಂಖ್ಯೆ ಚಿಕ್ಕದಿದ್ದಾಗ ಈ ವ್ಯತ್ಯಾಸ ದೊಡ್ಡದು. ಮೇಲಾಗಿ, ಹೊಸ ಪ್ರಾಣಿಯೊಂದನ್ನು ಸೇರಿಸಬೇಕೆಂದರೆ ಇಡೀ ಮಾದರಿಯನ್ನು ಕೆಡವಬೇಕಿಲ್ಲ, ನಾಲ್ಕು ನಿಯಮ ಸೇರಿಸಿದರಾಯಿತು.