ಎರಡನೇ ಹಂತಕ್ಕೆ ಉಳಿಸಿಟ್ಟ ಪ್ರಶ್ನೆ

2025ರ ಮಾರ್ಚ್ 1ಕ್ಕೆ ಇಸ್ರೇಲ್ ಮತ್ತು ಹಮಾಸ್ ನಡುವಿನ ಗಾಜಾ ಕದನ ವಿರಾಮದ ಮೊದಲ ಹಂತದ 42 ದಿನ ಮುಗಿಯಿತು. ಒಪ್ಪಂದದ ಪ್ರಕಾರ ಎರಡನೇ ಹಂತದ ಮಾತುಕತೆ 16ನೇ ದಿನವೇ ಶುರುವಾಗಬೇಕಿತ್ತು. ಯುದ್ಧ ಶಾಶ್ವತವಾಗಿ ನಿಲ್ಲುವುದು, ಇಸ್ರೇಲಿ ಸೇನೆ ಗಾಜಾದಿಂದ ಹೊರಡುವುದು, ಬದುಕಿರುವ ಉಳಿದ ಒತ್ತೆಯಾಳುಗಳು ಮನೆ ಸೇರುವುದು ಎಲ್ಲವೂ ಇದ್ದದ್ದು ಆ ಹಂತದಲ್ಲಿ. ಅದು ಬರಲೇ ಇಲ್ಲ. ಮಾರ್ಚ್ 18ರ ನಸುಕಿನಲ್ಲಿ ಇಸ್ರೇಲ್ ಮತ್ತೆ ಬಾಂಬ್ ಸುರಿಯಿತು. ಆ ಒಂದು ದಿನ 400ಕ್ಕೂ ಹೆಚ್ಚು ಜನ ಸತ್ತರೆಂದು ಗಾಜಾದ ಆರೋಗ್ಯ ಸಚಿವಾಲಯ ತಿಳಿಸಿತು.

ಯಾರಿಗೆ ಪ್ರತಿಯಾಗಿ ಎಷ್ಟು ಕೈದಿಗಳು ಎಂಬ ಲೆಕ್ಕ ಎರಡೂ ಕಡೆಯವರಿಗೆ ಹೊಸದಲ್ಲ. 1985ರ ಮೇ ತಿಂಗಳಲ್ಲಿ ಪ್ಯಾಲೆಸ್ಟೀನಿ ನಾಯಕ ಅಹ್ಮದ್ ಜಿಬ್ರಿಲ್‌ನ ಸಶಸ್ತ್ರ ಸಂಘಟನೆ ಹಿಡಿದಿಟ್ಟಿದ್ದ ಮೂವರು ಸೈನಿಕರಿಗಾಗಿ ಇಸ್ರೇಲ್ 1,150 ಕೈದಿಗಳನ್ನು ಬಿಟ್ಟಿತು. ಅವರಲ್ಲಿ ಶೇಖ್ ಅಹ್ಮದ್ ಯಾಸಿನ್ ಇದ್ದರು. ಎರಡು ವರ್ಷದ ನಂತರ ಹಮಾಸ್ ಕಟ್ಟಿದವರು. 2006ರ ಜೂನ್‌ನಲ್ಲಿ ಗಾಜಾದಿಂದ ಸುರಂಗದಲ್ಲಿ ಬಂದ ಹಮಾಸ್ ಮತ್ತಿತರ ಗುಂಪುಗಳವರು ಗಿಲಾದ್ ಶಲಿತ್ ಎಂಬ ಯುವ ಸೈನಿಕನನ್ನು ಹೊತ್ತೊಯ್ದರು. ಐದು ವರ್ಷ ಈಜಿಪ್ಟ್ ಮತ್ತು ಜರ್ಮನಿಯ ಮಧ್ಯಸ್ಥರು ಓಡಾಡಿದರು. 2011ರ ಅಕ್ಟೋಬರ್‌ನಲ್ಲಿ ಆತ ಮನೆಗೆ ಬಂದಾಗ ತೆತ್ತ ಬೆಲೆ 1,027 ಕೈದಿಗಳು. ಮುಂದೆ ಗಾಜಾದಲ್ಲಿ ಹಮಾಸ್‌ನ ನಾಯಕನಾದ ಯಾಹ್ಯಾ ಸಿನ್ವಾರ್ ಹೊರಬಂದದ್ದು ಆ ಗುಂಪಿನಲ್ಲೇ.

2023ರ ಅಕ್ಟೋಬರ್ 7ರ ದಾಳಿಯ ಹಿಂದೆ ಸಿನ್ವಾರ್ ಇದ್ದುದರಿಂದ, ಶಲಿತ್ ಒಪ್ಪಂದವೇ ತಪ್ಪು ಎನ್ನುವವರು ಇಸ್ರೇಲಿನಲ್ಲಿ ಬಹಳ. ಈ ವಾದಕ್ಕೆ ತುಂಬ ಹಳೆಯ ಬೇರಿದೆ. ಸೆರೆಯಾಳನ್ನು ಬಿಡಿಸುವುದು ಯಹೂದಿ ಧರ್ಮದಲ್ಲಿ ಎಲ್ಲಕ್ಕಿಂತ ದೊಡ್ಡ ದಾನಗಳಲ್ಲೊಂದು. ಆದರೆ ಸುಮಾರು 1,800 ವರ್ಷಗಳ ಹಿಂದಿನ ಮಿಶ್ನಾ ಗ್ರಂಥವೇ, ಸೆರೆಯಾಳುಗಳನ್ನು ಅವರ ಬೆಲೆಗಿಂತ ಹೆಚ್ಚು ಕೊಟ್ಟು ಬಿಡಿಸಬಾರದು ಎಂದೂ ವಿಧಿಸುತ್ತದೆ. ಮಗನನ್ನು ಕಳೆದುಕೊಂಡ ತಾಯಿ ಮೊದಲ ಮಾತನ್ನು ಹಿಡಿಯುತ್ತಾಳೆ, ನಾಳೆಯ ಅಪಹರಣಕ್ಕೆ ಹೆದರುವ ಮಂತ್ರಿ ಎರಡನೆಯದನ್ನು. ಇಬ್ಬರ ಭಯವೂ ನಿಜವೇ.

ಪ್ಯಾಲೆಸ್ಟೀನಿಯರ ಕಡೆಯಿಂದ ನೋಡಿದರೆ ಜೈಲು ಪ್ರತಿ ಕುಟುಂಬದ ಕಥೆ. ಅಣ್ಣನೋ ಚಿಕ್ಕಪ್ಪನೋ ಒಂದಲ್ಲ ಒಂದು ಕಾಲಕ್ಕೆ ಒಳಗೆ ಇರದ ಮನೆ ವೆಸ್ಟ್ ಬ್ಯಾಂಕಿನಲ್ಲಿ ಅಪರೂಪ. ಕೊಲೆಗೆ ಜೀವಾವಧಿ ಶಿಕ್ಷೆಯಾದವರ ಜೊತೆಗೆ, ಆರೋಪಪಟ್ಟಿಯೇ ಇಲ್ಲದೆ ‘ಆಡಳಿತಾತ್ಮಕ ಬಂಧನ’ದಲ್ಲಿ ತಿಂಗಳುಗಟ್ಟಲೆ ಕೊಳೆಯುವವರೂ ಅಲ್ಲಿದ್ದಾರೆ. ವರ್ಷಾನುಗಟ್ಟಲೆ ಮನವಿ ಸಲ್ಲಿಸಿ ಆಗದ್ದು ಒಬ್ಬ ಸೈನಿಕನನ್ನು ಹಿಡಿದರೆ ಆಗುತ್ತದೆ ಎಂಬ ಪಾಠವನ್ನು ಅವರು 1985ರಿಂದಲೇ ಕಲಿತರು. ಹಾಗೆಂದು ಮಕ್ಕಳನ್ನೂ ಮುದುಕರನ್ನೂ ಎಳೆದೊಯ್ದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅದಕ್ಕೆ ಪ್ರತಿಯಾಗಿ ಒಂದಿಡೀ ಜನತೆಯ ಅನ್ನ ನೀರು ತಡೆದದ್ದಕ್ಕೂ ಇಲ್ಲ.

ಕದನ ವಿರಾಮಗಳದ್ದು ಇನ್ನೊಂದು ಎಳೆ. ಅರಬ್ಬಿಯಲ್ಲಿ ಇದಕ್ಕೆ ಎರಡು ಮಾತುಗಳಿವೆ: ‘ತಹದಿಯಾ’ ಅಂದರೆ ತಾತ್ಕಾಲಿಕ ಶಾಂತತೆ, ‘ಹುದ್ನಾ’ ಅಂದರೆ ದೀರ್ಘ ಅವಧಿಯ ಕರಾರು. ಗಾಜಾಕ್ಕೆ ಸಿಕ್ಕಿದ್ದು ಹೆಚ್ಚಾಗಿ ಮೊದಲನೆಯದು. ಈಜಿಪ್ಟ್ ಮಾಡಿಸಿದ 2008ರ ಆರು ತಿಂಗಳ ತಹದಿಯಾ ಆ ಡಿಸೆಂಬರ್‌ನಲ್ಲಿ ಯುದ್ಧವಾಯಿತು. 2012ರಲ್ಲಿ ಎಂಟು ದಿನ, 2014ರಲ್ಲಿ 50 ದಿನ, 2021ರಲ್ಲಿ 11 ದಿನ ಹೋರಾಡಿ ನಿಲ್ಲಿಸಿದರು. ದಿಗ್ಬಂಧನ ತೆಗೆಯುವುದು, ಬಂದರು ಕಟ್ಟುವುದು, ಶಸ್ತ್ರಾಸ್ತ್ರದ ಪ್ರಶ್ನೆ ಎಲ್ಲವನ್ನೂ ‘ಮುಂದೆ ಮಾತಾಡೋಣ’ ಎಂದು ಬಿಟ್ಟರು. 2014ರ ಆಗಸ್ಟ್ 1ರಂದು 72 ಗಂಟೆಗಳ ವಿರಾಮ ರಫಾದಲ್ಲಿ ಕೆಲವೇ ಗಂಟೆಗಳಲ್ಲಿ ಮುರಿಯಿತು. ಅಂದು ಸತ್ತ ಲೆಫ್ಟಿನೆಂಟ್ ಹದಾರ್ ಗೋಲ್ಡಿನ್‌ರ ದೇಹ ತಾಯ್ತಂದೆಯರಿಗೆ ಸಿಕ್ಕಿದ್ದು 2025ರ ನವೆಂಬರ್‌ನಲ್ಲಿ.

2023ರ ಅಕ್ಟೋಬರ್ 7ರಂದು ಸುಮಾರು 1,200 ಜನರನ್ನು ಕೊಂದು 251 ಮಂದಿಯನ್ನು ಒಯ್ದಾಗ ಈ ಎರಡು ಎಳೆಗಳು ಗಂಟುಬಿದ್ದವು. ಅದುವರೆಗೆ ಕೈದಿಗಳ ವಿನಿಮಯ ಬೇರೆ, ಯುದ್ಧ ನಿಲ್ಲಿಸುವುದು ಬೇರೆ ಆಗಿತ್ತು. ಈಗ ಒಂದಕ್ಕೆ ಇನ್ನೊಂದೇ ಬೆಲೆ. ಆ ನವೆಂಬರ್ 24ರಿಂದ ಒಂದು ವಾರದ ವಿರಾಮದಲ್ಲಿ 105 ಒತ್ತೆಯಾಳುಗಳು ಹೊರಬಂದರು. ಅವರಲ್ಲಿ 23 ಮಂದಿ ಥಾಯ್ಲೆಂಡಿನಿಂದ ತೋಟದ ಕೂಲಿಗೆ ಹೋದವರು. ಇಸ್ರೇಲ್ 240 ಪ್ಯಾಲೆಸ್ಟೀನಿಯರನ್ನು ಬಿಟ್ಟಿತು, ಬಹುತೇಕ ಹೆಂಗಸರು ಮತ್ತು ಹದಿಹರೆಯದವರು. ಮಂಗಳೂರು, ಉಡುಪಿ ಕಡೆಯಿಂದ ವೃದ್ಧರ ಆರೈಕೆಗೆ ಇಸ್ರೇಲಿಗೆ ಹೋದವರ ಮನೆಯವರಿಗೂ ಆ ದಿನಗಳು ಸುಲಭವಿರಲಿಲ್ಲ.

ಮುಂದಿನ ಹದಿಮೂರು ತಿಂಗಳು ಹೋದದ್ದು ಒಂದೇ ಪ್ರಶ್ನೆಯ ಮೇಲೆ. ಕೊನೆಯ ಒತ್ತೆಯಾಳು ಬಿಡುಗಡೆಯಾದ ಮೇಲೆ ಇಸ್ರೇಲ್ ಮತ್ತೆ ಯುದ್ಧ ಮಾಡಬಹುದೇ? ಮಾಡಬಾರದು, ಅದಕ್ಕೆ ಖಾತರಿ ಬೇಕು ಎಂದಿತು ಹಮಾಸ್. ಒತ್ತೆಯಾಳು ಹೋದರೆ ಅದರ ಕೈ ಖಾಲಿ. ‘ಪೂರ್ಣ ವಿಜಯ’ದ ಮಾತಾಡುತ್ತಿದ್ದ ನೆತನ್ಯಾಹು ಖಾತರಿ ಕೊಡಲು ಒಪ್ಪಲಿಲ್ಲ. ಯುದ್ಧ ನಿಲ್ಲಿಸಿದರೆ ಸರ್ಕಾರ ಬೀಳಿಸುವ ಬೆದರಿಕೆ ಅವರ ಸಂಪುಟದ ಕಡು ಬಲಪಂಥೀಯ ಮಂತ್ರಿಗಳಾದ ಬೆನ್‌ಗ್ವಿರ್, ಸ್ಮೋಟ್ರಿಚ್ ಅವರಿಂದ ಇತ್ತು. 2024ರ ಮೇ ಕೊನೆಗೆ ಬೈಡನ್ ಮುಂದಿಟ್ಟ ಮೂರು ಹಂತದ ಯೋಜನೆಯನ್ನು ಜೂನ್ 10ರಂದು ಭದ್ರತಾ ಮಂಡಳಿ ಅನುಮೋದಿಸಿತು. ಮುಂದಿನ ತಿಂಗಳುಗಳಲ್ಲಿ ಚರ್ಚೆ ಈಜಿಪ್ಟ್ ಗಡಿಯ ಸುಮಾರು 14 ಕಿಲೋಮೀಟರಿನ ಫಿಲಡೆಲ್ಫಿ ಪಟ್ಟಿಯಲ್ಲಿ ಸಿಕ್ಕಿಕೊಂಡಿತು. ಅಲ್ಲಿಂದ ಸೇನೆ ಕದಲದು ಎಂದು ಇಸ್ರೇಲಿ ಸಂಪುಟ ಮತ ಹಾಕಿತು. ರಕ್ಷಣಾ ಸಚಿವ ಗ್ಯಾಲಂಟ್ ಒಬ್ಬರೇ ವಿರುದ್ಧ ನಿಂತರು. ಎರಡು ದಿನಕ್ಕೆ ರಫಾದ ಸುರಂಗದಲ್ಲಿ ಆರು ಒತ್ತೆಯಾಳುಗಳ ಹೆಣ ಸಿಕ್ಕಿತು, ಕಾವಲಿಗಿದ್ದವರೇ ಕೊಂದಿದ್ದರು. ಮರುದಿನ ಟೆಲ್ ಅವೀವ್ ಬೀದಿ ತುಂಬಿತು. ಪಟ್ಟಿಯ ಪ್ರಶ್ನೆ ಅಲ್ಲಿಯೇ ಉಳಿಯಿತು.

2025ರ ಜನವರಿಯಲ್ಲಿ ಒಪ್ಪಿಗೆಯಾದದ್ದು ಹೆಚ್ಚುಕಡಿಮೆ ಅದೇ ಬೈಡನ್ ಚೌಕಟ್ಟು. ನಡುವೆ ಕಳೆದ ಏಳು ತಿಂಗಳಲ್ಲಿ ಸತ್ತವರನ್ನು ನೆನೆದರೆ ನನಗೆ ಕೋಪ ಬರುತ್ತದೆ. ಆ ಒಪ್ಪಂದವೂ ಮಾರ್ಚ್‌ನಲ್ಲಿ ಮುರಿಯಿತು. ಸೆಪ್ಟೆಂಬರ್ 9ರಂದು ಇಸ್ರೇಲ್ ಕತಾರಿನ ರಾಜಧಾನಿ ದೋಹಾದ ಮೇಲೆ, ಸಂಧಾನಕ್ಕೆ ಕೂತಿದ್ದ ಹಮಾಸ್ ನಾಯಕರನ್ನೇ ಗುರಿಯಿಟ್ಟು ದಾಳಿ ಮಾಡಿತು. ಆಮೇಲೆ ಬಂದದ್ದು ಟ್ರಂಪ್ ಅವರ 20 ಅಂಶಗಳ ಯೋಜನೆ.

ಈ ಬಾರಿ ಒಂದು ಬದಲಾವಣೆ ಇತ್ತು: ಬದುಕಿದ್ದ 20 ಒತ್ತೆಯಾಳುಗಳೂ ಒಂದೇ ದಿನ, ಅಕ್ಟೋಬರ್ 13ರಂದು ಹೊರಬಂದರು. ಸುಮಾರು 250 ಮಂದಿ ದೀರ್ಘ ಶಿಕ್ಷೆಯ ಕೈದಿಗಳೂ ಯುದ್ಧದಲ್ಲಿ ಹಿಡಿದೊಯ್ದ ಸುಮಾರು 1,700 ಗಾಜಾ ನಿವಾಸಿಗಳೂ ಬಿಡುಗಡೆಯಾದರು. ಹಮಾಸ್ ಶಸ್ತ್ರ ಕೆಳಗಿಡುವುದು, ಗಾಜಾವನ್ನು ಯಾರು ಆಳಬೇಕೆಂಬುದು, ಸೇನೆ ಪೂರ್ತಿ ಹಿಂತೆಗೆಯುವುದು ಮಾತ್ರ ಮತ್ತೆ ಮುಂದಿನ ಹಂತಕ್ಕೆ ಹೋದವು. ಮೊದಲ ಹಂತದಲ್ಲಿ ಸೇನೆ ಹಿಂದೆ ಸರಿದದ್ದು ಗಾಜಾದೊಳಗೆ ನಕ್ಷೆಯಲ್ಲಿ ಗುರುತಿಸಿದ ‘ಹಳದಿ ಗೆರೆ’ಯವರೆಗೆ. ಆ ಗೆರೆಯ ಆಚೆ ಇಸ್ರೇಲಿ ಸೇನೆಯ ಕೈಯಲ್ಲಿ ಉಳಿದದ್ದು ಗಾಜಾದ ಅರ್ಧಕ್ಕಿಂತ ಹೆಚ್ಚು ನೆಲ.