ಹಳೆಯ ಗಾರ್ಡನ್ ಟ್ರ್ಯಾಕ್ಟರ್ ರಿಪೇರಿ: ಬಿಚ್ಚುವ ಮೊದಲು ತಿಳಿದಿರಬೇಕಾದದ್ದು

ಹಳೆಯ ಗಾರ್ಡನ್ ಟ್ರ್ಯಾಕ್ಟರ್, ಅಂದರೆ ಮನೆಯಂಗಳ, ತೋಟದ ಕೆಲಸದ ಚಿಕ್ಕ ಟ್ರ್ಯಾಕ್ಟರ್, ಮನೆಗೆ ಬಂದ ದಿನ ಕೈ ಸುಮ್ನೆ ಇರುವುದಿಲ್ಲ. ಸ್ಪ್ಯಾನರ್ ಹಿಡಿದು ಎಲ್ಲವನ್ನೂ ಬಿಚ್ಚಿ ಹಾಕೋಣ ಅನಿಸುತ್ತದೆ. ನನ್ನ ಮೊದಲ ಗಾಡಿಗೆ ನಾನು ಹಾಗೇ ಮಾಡಿದೆ. ಎರಡು ವಾರದಲ್ಲಿ ಇಡೀ ಗಾಡಿ ಡಬ್ಬಗಳಲ್ಲಿತ್ತು. ಯಾವ ಬೋಲ್ಟ್ ಎಲ್ಲಿಯದು ಅಂತ ಮರೆತುಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು. ಬಿಚ್ಚುವ ಮೊದಲು ಯಾವುದು ಚೆನ್ನಾಗಿತ್ತು, ಯಾವುದು ಕೆಟ್ಟಿತ್ತು ಅಂತ ನಾನು ನೋಡಿರಲೇ ಇಲ್ಲ. ಹಾಗಾಗಿ ಏನನ್ನು ಸರಿ ಮಾಡಬೇಕು ಅನ್ನುವುದೇ ಗೊತ್ತಾಗಲಿಲ್ಲ.

ಆಮೇಲೆ ಕಲಿತ ಕ್ರಮ ಇದು: ಮೊದಲು ಎಂಜಿನ್ ಓಡಬೇಕು, ಆಮೇಲೆ ಗಾಡಿ ಹೋಗಬೇಕು ಮತ್ತು ನಿಲ್ಲಬೇಕು, ಬಣ್ಣ ಕೊನೆಗೆ. ಯಾವ ಭಾಗವನ್ನು ಬಿಚ್ಚುವುದಕ್ಕೂ ಒಂದು ಕಾರಣ ಇರಬೇಕು. ಕೆಳಗಿನ ಟಿಪ್ಪಣಿ ಈ ಕ್ರಮದಲ್ಲೇ ಇದೆ.

ಗಾಡಿ ಯಾವುದು ಅಂತ ಗುರುತಿಸುವುದು

ಈ ಹವ್ಯಾಸದಲ್ಲಿ ಮತ್ತೆ ಮತ್ತೆ ಸಿಗುವ ಹೆಸರುಗಳು ಅಮೆರಿಕದವು. ವ್ಹೀಲ್ ಹಾರ್ಸ್ ಕಂಪನಿ 1946ರಲ್ಲಿ ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಶುರುವಾಯಿತು. 1986ರಲ್ಲಿ ಟೋರೊ ಕಂಪನಿ ಅದನ್ನು ಕೊಂಡುಕೊಂಡಿತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಮೊದಲ ಕಬ್ ಕೆಡೆಟ್ 1961ರಲ್ಲಿ ಬಂತು. ಜಾನ್ ಡೀರ್ 110 ಬಂದದ್ದು 1963ರಲ್ಲಿ. ಈ ಎರಡೂ 7 ಅಶ್ವಶಕ್ತಿಯ ಕೋಹ್ಲರ್ ಎಂಜಿನ್ನಿನಿಂದ ಶುರುವಾದವು.

ಕೋಹ್ಲರ್‌ನ ಕೆ ಸರಣಿಯ ಎಂಜಿನ್ ಅರ್ಥವಾದರೆ ಆ ಕಾಲದ ಎಷ್ಟೋ ಗಾಡಿಗಳು ಅರ್ಥವಾದ ಹಾಗೆ. ಕೆ241 ಅಂದರೆ 10 ಅಶ್ವಶಕ್ತಿ, ಕೆ301 ಅಂದರೆ 12, ಕೆ321 ಅಂದರೆ 14, ಕೆ341 ಅಂದರೆ 16. ಎಲ್ಲವೂ ಒಂದೇ ಸಿಲಿಂಡರಿನ, ಎರಕದ ಕಬ್ಬಿಣದ ಎಂಜಿನ್‌ಗಳು. ಎಂಜಿನ್ ಮೇಲಿನ ಫಲಕದಲ್ಲಿ ಮಾಡೆಲ್, ಸ್ಪೆಕ್ ಮತ್ತು ಸೀರಿಯಲ್ ಅಂತ ಮೂರು ನಂಬರ್ ಇರುತ್ತವೆ. ಬಿಡಿಭಾಗ ತರಿಸುವಾಗ ಸ್ಪೆಕ್ ನಂಬರ್ ತುಂಬ ಮುಖ್ಯ. ಒಂದೇ ಮಾಡೆಲ್‌ನಲ್ಲೂ ಗಾಡಿಯಿಂದ ಗಾಡಿಗೆ ಕಾರ್ಬೊರೇಟರ್, ಶಾಫ್ಟ್ ಬೇರೆ ಬೇರೆ ಇರಬಹುದು. ಆ ಫಲಕವನ್ನು ಉಜ್ಜಬೇಡಿ, ಅದರ ಮೇಲೆ ಬಣ್ಣವನ್ನೂ ಹೊಡೆಯಬೇಡಿ. ಮೊದಲ ಫೋಟೊ ಅದರದ್ದೇ ಇರಲಿ.

ಎಂಜಿನ್ ತಿರುಗುತ್ತದೆಯೇ?

ಮೊದಲು ಸ್ಪಾರ್ಕ್ ಪ್ಲಗ್ ತೆಗೆಯಿರಿ. ಸಿಲಿಂಡರಿನೊಳಗೆ ಸ್ವಲ್ಪ ಎಣ್ಣೆ ಬಿಡಿ. ಆಮೇಲೆ ಫ್ಲೈವ್ಹೀಲನ್ನು (ಎಂಜಿನ್ ಶಾಫ್ಟಿನ ತುದಿಯ ಭಾರದ ಚಕ್ರ) ಕೈಯಲ್ಲಿ ತಿರುಗಿಸಿ ನೋಡಿ. ಸೆಲ್ಫ್ ಹೊಡೆಯಬೇಡಿ. ಒಳಗೆ ತುಕ್ಕು ಅಥವಾ ಸಿಕ್ಕಿಕೊಂಡ ವಾಲ್ವ್ ಇದ್ದರೆ ಕೈಗೆ ಗೊತ್ತಾಗುತ್ತದೆ, ಸ್ಟಾರ್ಟರ್‌ಗೆ ಗೊತ್ತಾಗುವುದಿಲ್ಲ.

ತಿರುಗದಿದ್ದರೆ ಹೆದರಬೇಡಿ. ಇದು ಸೈಡ್ ವಾಲ್ವ್ ಎಂಜಿನ್. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿ ಬ್ಲಾಕಿನೊಳಗೇ ಇರುತ್ತವೆ. ಹೆಡ್ ಅಂದರೆ ಬರೀ ಒಂದು ಮುಚ್ಚಳ. ಬೋಲ್ಟ್ ಬಿಚ್ಚಿ ಎತ್ತಿದರೆ ಪಿಸ್ಟನ್, ಸಿಲಿಂಡರಿನ ಗೋಡೆ, ಎರಡೂ ವಾಲ್ವ್ ಕಣ್ಣೆದುರೇ ಇರುತ್ತವೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ನನಗೆ ಕಂಡಿಲ್ಲ. ಹಳೆಯ ಹೆಡ್ ಗ್ಯಾಸ್ಕೆಟ್ ಮತ್ತೆ ಬಳಸಬೇಡಿ, ಹೊಸದು ತಂದಿಟ್ಟುಕೊಂಡೇ ಬಿಚ್ಚಿ.

ಹಿಡಿದುಕೊಂಡ ಪಿಸ್ಟನ್ ಬಿಡಿಸಲು ಬೇಕಾದದ್ದು ತಾಳ್ಮೆ. ಆಟೊಮ್ಯಾಟಿಕ್ ಗೇರಿನ ಎಣ್ಣೆಯನ್ನೂ ಅಸಿಟೋನನ್ನೂ ಸಮ ಪಾಲು ಬೆರೆಸಿ ಪಿಸ್ಟನ್ ಸುತ್ತ ಬಿಡುತ್ತಾರೆ. ಇದು ಬೇಗ ಬೆಂಕಿ ಹತ್ತುವ ವಸ್ತು, ಗಾಳಿ ಆಡುವ ಜಾಗದಲ್ಲಿ ಮಾಡಿ. ದಿನಾ ಸ್ವಲ್ಪ ಸೇರಿಸುತ್ತಾ ಒಂದು ವಾರ ಬಿಡಿ. ನಡುನಡುವೆ ಫ್ಲೈವ್ಹೀಲನ್ನು ಆ ಕಡೆ ಈ ಕಡೆ ಮೆಲ್ಲಗೆ ಅಲುಗಿಸಿ. ಕೂದಲೆಳೆಯಷ್ಟು ಅಲುಗಿದರೂ ಅರ್ಧ ಕೆಲಸ ಆಯಿತು. ಪಿಸ್ಟನ್ ತಲೆಗೆ ಸುತ್ತಿಗೆಯಿಂದ ನೇರವಾಗಿ ಹೊಡೆಯಬಾರದು. ಅದು ಅಲ್ಯೂಮಿನಿಯಮ್, ಒಡೆದುಹೋಗುತ್ತದೆ. ಹಾಗೇ ಫ್ಲೈವ್ಹೀಲ್ ತೆಗೆಯಬೇಕಾದರೆ ಪುಲ್ಲರ್, ಅಂದರೆ ಅದನ್ನು ಎಳೆದು ಬಿಡಿಸುವ ಉಪಕರಣ, ಬಳಸಿ. ಶಾಫ್ಟಿನ ತುದಿಗೆ ಹೊಡೆದರೆ ಶಾಫ್ಟೇ ಹಾಳಾಗಬಹುದು.

ಎಂಜಿನ್ ತಿರುಗಿತು ಅಂದುಕೊಳ್ಳಿ. ಈಗ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ ಅಂತ ನೋಡಬೇಕು, ಅಲ್ವಾ? ಇಲ್ಲಿ ಹೊಸಬರು ಎಡವುವ ಒಂದು ವಿಷಯ ಇದೆ. ಈ ಎಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿನಲ್ಲೇ ಒಂದು ಚಿಕ್ಕ ವ್ಯವಸ್ಥೆ ಇರುತ್ತದೆ. ನಿಧಾನವಾಗಿ ತಿರುಗುವಾಗ ಅದು ಎಕ್ಸಾಸ್ಟ್ ವಾಲ್ವನ್ನು ಚೂರು ತೆರೆದು ಹಿಡಿಯುತ್ತದೆ. ಸ್ಟಾರ್ಟ್ ಮಾಡುವುದು ಸುಲಭವಾಗಲಿ ಅಂತ. ಅದರಿಂದ ಗೇಜ್ ಹಾಕಿ ಸೆಲ್ಫ್ ಹೊಡೆದರೆ ಕಂಪ್ರೆಷನ್ ಕಡಿಮೆ ತೋರಿಸುತ್ತದೆ. ಅದನ್ನು ನೋಡಿ ಎಂಜಿನ್ ಸತ್ತಿದೆ ಅಂತ ಬಿಚ್ಚಿದವರು ಜಾಸ್ತಿ ಜನ. ಫ್ಲೈವ್ಹೀಲನ್ನು ಹಿಂದುಮುಂದಾಗಿ, ಅಂದರೆ ಎಂಜಿನ್ ತಿರುಗುವ ದಿಕ್ಕಿಗೆ ಎದುರಾಗಿ, ಕೈಯಲ್ಲಿ ಜೋರಾಗಿ ತಿರುಗಿಸಿ. ಸ್ಪ್ರಿಂಗಿನ ಹಾಗೆ ಗಟ್ಟಿಯಾಗಿ ಹಿಂದಕ್ಕೆ ತಳ್ಳಿದರೆ ಕಂಪ್ರೆಷನ್ ಇದೆ. ಸರಿಯಾಗಿ ಅಳೆಯಲೇಬೇಕು ಅಂದರೆ ಲೀಕ್ ಡೌನ್ ಪರೀಕ್ಷೆ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ಅಳೆಯುವುದು) ಮಾಡಿಸಿ.

ಕಿಡಿ

ಹಳೆಯ ಗಾಡಿ ಸ್ಟಾರ್ಟ್ ಆಗದಿದ್ದರೆ ನಾನು ಮೊದಲು ನೋಡುವುದು ಪಾಯಿಂಟ್ಸ್. ಇದು ಕ್ಯಾಮ್ ತಳ್ಳಿದಾಗ ತೆರೆದುಕೊಳ್ಳುವ ಒಂದು ಚಿಕ್ಕ ಸ್ವಿಚ್. ಮುಚ್ಚಿರುವಾಗ ಕಾಯಿಲಿನಲ್ಲಿ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ತಂತಿಸುರುಳಿ) ಕರೆಂಟ್ ಹರಿಯುತ್ತದೆ. ತೆರೆದ ಕ್ಷಣ ಕರೆಂಟ್ ಕಡಿದು ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪಾಯಿಂಟ್ಸ್ ಮೇಲೆ ತೆಳುವಾದ ಪದರ ಕಟ್ಟಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಕರೆಂಟ್ ಹೋಗುವುದಿಲ್ಲ. ನುಣುಪಾದ ಅರದಿಂದ ಎರಡು ಸಲ ಉಜ್ಜಿ, ಶುಭ್ರ ಕಾಗದ ಎಳೆದು ಒರೆಸಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಕೋಹ್ಲರ್ ಕೆ ಎಂಜಿನ್ನಿನಲ್ಲಿ ಪಾಯಿಂಟ್ಸ್ ಪೂರ್ತಿ ತೆರೆದಾಗಿನ ಅಂತರ 0.020 ಇಂಚು, ಅಂದರೆ ಸುಮಾರು ಅರ್ಧ ಮಿ.ಮೀ. ಫೀಲರ್ ಗೇಜಿನಿಂದ (ಸಣ್ಣ ಅಂತರ ಅಳೆಯುವ ತೆಳು ಲೋಹದ ಪಟ್ಟಿಗಳು) ಇದನ್ನು ಹೊಂದಿಸಿಕೊಳ್ಳಿ. ಇದಕ್ಕಿಂತ ನಿಖರವಾದ ದಾರಿಯೂ ಇದೆ. ಫ್ಲೈವ್ಹೀಲ್ ಮೇಲೆ ಎರಡು ಗುರುತು ಇರುತ್ತವೆ. ಟಿ ಅಂದರೆ ಪಿಸ್ಟನ್ ತೀರ ಮೇಲಿರುವ ಜಾಗ. ಎಸ್ ಅಂದರೆ ಕಿಡಿ ಹಾರಬೇಕಾದ ಜಾಗ, ಅದು ಟಿಗಿಂತ 20 ಡಿಗ್ರಿ ಮೊದಲು. ಪಾಯಿಂಟ್ಸ್ ತಂತಿಯನ್ನು ಕಾಯಿಲಿನಿಂದ ಬಿಡಿಸಿ, ಅದಕ್ಕೂ ಎಂಜಿನ್ ಬಾಡಿಗೂ ಮಲ್ಟಿಮೀಟರ್ ಕೊಡಿ. ಫ್ಲೈವ್ಹೀಲನ್ನು ಎಂಜಿನ್ ತಿರುಗುವ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸಿ. ಎಸ್ ಗುರುತು ಸರಿಯಾಗಿ ಬಂದ ಕ್ಷಣದಲ್ಲೇ ಮೀಟರಿನ ಬೀಪ್ ನಿಲ್ಲಬೇಕು. ಮೊದಲೇ ನಿಂತರೆ ಅಂತರ ಜಾಸ್ತಿ ಆಗಿದೆ, ತಡವಾಗಿ ನಿಂತರೆ ಕಡಿಮೆ ಆಗಿದೆ. ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. ಇಗ್ನಿಷನ್ ಅಂದರೇನು ಅಂತ ಆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಒಂದು ಎಚ್ಚರಿಕೆ. ಎಂಜಿನ್ ನಿಂತಿರುವಾಗ ಕೀ ಆನ್ ಇಟ್ಟು ಹೋಗಬೇಡಿ. ಪಾಯಿಂಟ್ಸ್ ಮುಚ್ಚಿದ್ದರೆ ಕರೆಂಟ್ ಹರಿಯುತ್ತಲೇ ಇದ್ದು ಕಾಯಿಲ್ ಸುಟ್ಟುಹೋಗುತ್ತದೆ.

ಪೆಟ್ರೋಲ್ ಮತ್ತು ಗಾಳಿ

ಟ್ಯಾಂಕಿನ ಹಳೆಯ ಪೆಟ್ರೋಲನ್ನು ಪೂರ್ತಿ ಚೆಲ್ಲದೆ ಹೊಸದು ಹಾಕಬೇಡಿ. ಹಳೆಯದು ಅಂಟಾಗಿ ಸಣ್ಣ ತೂತುಗಳನ್ನು ಮುಚ್ಚಿರುತ್ತದೆ. ರಬ್ಬರ್ ಪೈಪ್ ಹೊಸದೇ ಹಾಕಿ. ಕಾರ್ಬೊರೇಟರ್ ಬಿಚ್ಚಿ ಕ್ಲೀನರ್ ಹೊಡೆದು, ಪ್ರತಿ ದಾರಿಯಲ್ಲೂ ಗಾಳಿ ಹೋಗುತ್ತದೆಯೇ ನೋಡಿ. ಕಾರ್ಬೊರೇಟರಿನೊಳಗೆ ಪೆಟ್ರೋಲ್ ಮೇಲೆ ತೇಲುವ ಹಿತ್ತಾಳೆಯ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಗುಳ್ಳೆ ಬಂದರೆ ತೂತಿದೆ. ಹೊಂದಿಸುವ ಸೂಜಿ ಸ್ಕ್ರೂಗಳನ್ನು ಒಳಗೆ ತಿರುಗಿಸುವಾಗ ಬೆರಳ ತುದಿಯ ಬಲ ಸಾಕು. ಬಿಗಿದರೆ ಸೂಜಿಯ ತುದಿಯಲ್ಲಿ ಗೆರೆ ಬೀಳುತ್ತದೆ, ಆಮೇಲೆ ಎಷ್ಟು ಹೊಂದಿಸಿದರೂ ಎಂಜಿನ್ ಸಮವಾಗಿ ಓಡುವುದಿಲ್ಲ.

ಕೂಲಿಂಗ್ ಗಾಳಿಯನ್ನು ಜನ ಮರೆಯುತ್ತಾರೆ. ಎಂಜಿನ್ ಸುತ್ತಲಿನ ತಗಡನ್ನು ತೆಗೆದು ನೋಡಿ. ಸಿಲಿಂಡರಿನ ಬಿಸಿ ಕಳೆಯುವ ಲೋಹದ ರೆಕ್ಕೆಗಳ ನಡುವೆ ಒಣಹುಲ್ಲು, ಇಲಿಗೂಡು ಇದ್ದೇ ಇರುತ್ತದೆ. ಹಾಗೇ ಓಡಿಸಿದರೆ ಎಂಜಿನ್ ಬಿಸಿಯಾಗಿ ಹೆಡ್ ಸೊಟ್ಟಗಾಗುತ್ತದೆ. ತಗಡಿಲ್ಲದೆ ಓಡಿಸುವುದೂ ತಪ್ಪು, ಗಾಳಿಯನ್ನು ಸಿಲಿಂಡರಿನ ಕಡೆಗೆ ತಿರುಗಿಸುವುದೇ ಅದು.

ಎಣ್ಣೆ ಬಗ್ಗೆ ಸ್ವಲ್ಪ ಜಾಸ್ತಿ

ಈ ಎಂಜಿನ್ನಿನಲ್ಲಿ ಆಯಿಲ್ ಪಂಪ್ ಇಲ್ಲ. ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳಗೆ ಚಮಚದಂತಹ ಒಂದು ತುಂಡು ಇರುತ್ತದೆ. ಪ್ರತಿ ಸುತ್ತಿಗೂ ಅದು ಎಣ್ಣೆಗೆ ಬಡಿದು ಎಲ್ಲ ಕಡೆ ಚಿಮ್ಮಿಸುತ್ತದೆ. ರಾಡ್ ಅಲ್ಯೂಮಿನಿಯಮ್‌ದು. ಸಾಮಾನ್ಯವಾಗಿ ಬೇರಿಂಗ್ ಚಿಪ್ಪೂ ಇಲ್ಲದೆ ನೇರವಾಗಿ ಕ್ರ್ಯಾಂಕ್ ಮೇಲೆ ಕೂರುತ್ತದೆ. ಅಂದರೆ ಎಣ್ಣೆ ಕಡಿಮೆಯಾದರೆ ಮೊದಲು ಹೋಗುವುದು ರಾಡ್. ಅದು ಮುರಿದರೆ ಬ್ಲಾಕಿನ ಗೋಡೆಯನ್ನೇ ಒಡೆದು ಹೊರಗೆ ಬರುತ್ತದೆ. ಬೆಚ್ಚಗಿನ ಹವೆಗೆ ಎಸ್‌ಎಇ 30 (ಎಣ್ಣೆ ಎಷ್ಟು ದಪ್ಪ ಅಂತ ಹೇಳುವ ದರ್ಜೆ) ಎಣ್ಣೆ ಹಾಕಿ. ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಕಡ್ಡಿ ಎಳೆದು ನೋಡಿ. ಕಡಿದಾದ ಇಳಿಜಾರಿನಲ್ಲಿ ಹೆಚ್ಚು ಹೊತ್ತು ಓಡಿಸಬೇಡಿ, ಎಣ್ಣೆ ಒಂದು ಪಕ್ಕಕ್ಕೆ ಹೋಗಿ ಚಮಚಕ್ಕೆ ಸಿಗುವುದಿಲ್ಲ.

ಎಂಜಿನ್ ಒಳಗಡೆ ಹೇಗೂ ಬಿಚ್ಚುವ ಪ್ರಸಂಗ ಬಂದರೆ ಇನ್ನೊಂದು ಮಾತು. ಕೆ241 ಮತ್ತು ಅದಕ್ಕಿಂತ ದೊಡ್ಡ ಕೆಲವು ಎಂಜಿನ್‌ಗಳಲ್ಲಿ ಅದಿರಾಟ ಕಡಿಮೆ ಮಾಡಲು ಬ್ಯಾಲೆನ್ಸ್ ಗೇರ್ ಹಾಕಿರುತ್ತಾರೆ. ಅವು ಸವೆದು ಮುರಿದರೆ ಒಳಗೆಲ್ಲ ಪುಡಿಯಾಗುತ್ತದೆ. ಅನುಭವಿ ಮೆಕ್ಯಾನಿಕ್‌ಗಳಲ್ಲಿ ಬಹಳ ಜನ ಅವನ್ನು ತೆಗೆದೇ ಬಿಡುತ್ತಾರೆ. ನಾನೂ ತೆಗೆದಿದ್ದೇನೆ. ಅದಿರಾಟ ಸ್ವಲ್ಪ ಹೆಚ್ಚಾಯಿತು, ಚಿಂತೆ ಹೋಯಿತು.

ಸ್ಟಾರ್ಟರ್, ಗೇರ್, ಬ್ರೇಕ್

ಅರವತ್ತರ ದಶಕದ ಬಹಳ ಗಾಡಿಗಳಲ್ಲಿ ಸ್ಟಾರ್ಟರ್ ಮತ್ತು ಜನರೇಟರ್ ಒಂದೇ ಯಂತ್ರ. ಬೆಲ್ಟ್ ಮೂಲಕ ಮೊದಲು ಎಂಜಿನ್ ತಿರುಗಿಸುತ್ತದೆ, ಆಮೇಲೆ ಅದೇ ಬೆಲ್ಟಿನಿಂದ ಬ್ಯಾಟರಿ ತುಂಬುತ್ತದೆ. ಸೆಲ್ಫ್ ಬಲ ಇಲ್ಲ ಅನಿಸಿದರೆ ಮೊದಲು ಬೆಲ್ಟ್ ಬಿಗಿ, ಆಮೇಲೆ ಅರ್ಥ್ ತಂತಿ ನೋಡಿ. ಬಣ್ಣ ಹೊಡೆದ ಜಾಗಕ್ಕೆ ಅರ್ಥ್ ಬಿಗಿದಿದ್ದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ.

ಗೇರ್‌ಪೆಟ್ಟಿಗೆಯ ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಒಳಗೆ ನೀರು ಹೋಗಿದೆ. ಎಣ್ಣೆ ಚೆಲ್ಲಿ, ತೊಳೆದು, ಹೊಸದು ಹಾಕಿ. ಗೇರ್ ಸರಿಯಾಗಿ ಬೀಳುತ್ತಿದ್ದರೆ ಪೆಟ್ಟಿಗೆಯನ್ನು ತೆರೆಯಬೇಡಿ. ಬ್ರೇಕ್ ಮತ್ತು ಕ್ಲಚ್‌ನ ಹಳೆಯ ಲೈನಿಂಗ್‌ನಲ್ಲಿ ಆಸ್ಬೆಸ್ಟಸ್ ಇರಬಹುದು. ಆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಗಾಡಿಯ ಕೆಳಗೆ ಕೈ ಹಾಕುವ ಮೊದಲು ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಬೇಡಿ.

ತುಕ್ಕು ಮತ್ತು ಬಣ್ಣ

ತುಕ್ಕು ಬಿಡಿಸಲು ನನಗೆ ಇಷ್ಟವಾದದ್ದು ಕರೆಂಟಿನ ತೊಟ್ಟಿ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. 12 ವೋಲ್ಟ್ ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ನಿಮ್ಮ ಭಾಗಕ್ಕೆ, ಪಾಸಿಟಿವ್ ಒಂದು ಹಾಳು ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಇದು ತುಕ್ಕನ್ನು ಮಾತ್ರ ಬಿಡಿಸುತ್ತದೆ, ಒಳ್ಳೆಯ ಲೋಹವನ್ನು ತಿನ್ನುವುದಿಲ್ಲ. ತಂತಿ ಅದಲುಬದಲಾದರೆ ಮಾತ್ರ ನಿಮ್ಮ ಭಾಗವೇ ಕರಗುತ್ತದೆ. ಹಾಳು ತುಂಡಿಗೆ ಸ್ಟೇನ್‌ಲೆಸ್ ಸ್ಟೀಲ್ ಬಳಸಲೇಬಾರದು, ವಿಷಕಾರಿ ಕ್ರೋಮಿಯಮ್ ನೀರಿಗೆ ಬರುತ್ತದೆ. ಅಲ್ಯೂಮಿನಿಯಮ್ ಭಾಗಗಳನ್ನು ಇದರಲ್ಲಿ ಹಾಕಬೇಡಿ. ಹೈಡ್ರೋಜನ್ ಗ್ಯಾಸ್ ಏಳುವುದರಿಂದ ಬಯಲಿನಲ್ಲೇ ಮಾಡಿ, ತಂತಿ ತೆಗೆಯುವ ಮೊದಲು ಚಾರ್ಜರ್ ಆಫ್ ಮಾಡಿ.

ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಒಣಗಿದ್ದಾಗ ಉಜ್ಜುವುದಕ್ಕಿಂತ ಒದ್ದೆ ಮಾಡಿ ಉಜ್ಜುವುದು ಒಳ್ಳೆಯದು. ಮೂಲ ಬಣ್ಣ ಮುಕ್ಕಾಲು ಪಾಲು ಉಳಿದಿದ್ದರೆ ನನ್ನ ಅಭಿಪ್ರಾಯ: ಅದನ್ನು ತೊಳೆದು, ಮೇಣ ಹಚ್ಚಿ, ಹಾಗೇ ಬಿಡಿ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಯಬಹುದು, ಹೋದ ಮೂಲ ಬಣ್ಣ ವಾಪಸ್ ಬರುವುದಿಲ್ಲ. ಹೊಡೆಯಲೇಬೇಕಾದರೆ ಹಾರ್ಡನರ್ ಬೆರೆಸುವ ಬಣ್ಣದಿಂದ ಜಾಗ್ರತೆ. ಅದರಲ್ಲಿನ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯ, ಸಾಮಾನ್ಯ ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಹೆಡ್ ಬಿಚ್ಚಿ ಹಾಕಿದ್ದರೆ, ಮೊದಲ ಸಲ ಓಡಿಸಿ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ಬೋಲ್ಟ್‌ಗಳ ಬಿಗಿಯನ್ನು ಟಾರ್ಕ್ ವ್ರೆಂಚಿನಿಂದ (ಎಷ್ಟು ಬಲದಿಂದ ಬಿಗಿದಿದೆ ಅಂತ ತೋರಿಸುವ ಸ್ಪ್ಯಾನರ್) ಇನ್ನೊಮ್ಮೆ ನೋಡಿ. ಐದು ಗಂಟೆ ಓಡಿದ ಮೇಲೆ ಎಣ್ಣೆ ಬದಲಿಸಿ. ಆ ಹಳೆಯ ಎಣ್ಣೆಯನ್ನು ಬಿಳಿ ಡಬ್ಬದಲ್ಲಿ ಹಿಡಿದು, ತಳದಲ್ಲಿ ಲೋಹದ ಪುಡಿ ಹೊಳೆಯುತ್ತದೆಯೇ ಅಂತ ಬಿಸಿಲಿಗೆ ಹಿಡಿದು ನೋಡಿ.